ನಾಲ್ಕು ಕಪ್, ಎರಡು ಊರು

ಇಲ್ಲಿ ಏನೂ ಬರೆಯದೆ ಎರಡು ತಿಂಗಳ ಮೇಲಾಯ್ತು. ಕೂತಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಮೊನ್ನೆ ಶನಿವಾರ ಗೆಳೆಯರ ಜೊತೆ ಆದ ಒಂದು ಸಣ್ಣ ಜಗಳ ಮತ್ತೆ ಕೀಲಿಮಣೆ ಮುಂದೆ ತಂದು ಕೂರಿಸಿದೆ.

ಜಗಳದ ವಿಷಯ ಇಷ್ಟೇ. ಒಂದು ತಂಡದ ಮಾಲೀಕ ಒಳ್ಳೆಯವನೋ ಕೆಟ್ಟವನೋ ಅಂತ ತೀರ್ಮಾನ ಮಾಡೋದು ಹೇಗೆ? ಒಬ್ಬ ಗೆಳೆಯ ಟೀ ಲೋಟ ಕುಕ್ಕಿ ಹೇಳಿದ, "ಎಷ್ಟು ಕಪ್ ಗೆದ್ದ ಹೇಳು, ಮಿಕ್ಕಿದ್ದೆಲ್ಲ ಪುರಾಣ." ಮಾತು ನಮ್ಮ ಆರ್‌ಸಿಬಿ ಕಡೆ ಹೊರಳದೆ ಇರುತ್ತದೆಯೇ? 2008ರಲ್ಲಿ ವಿಜಯ್ ಮಲ್ಯ 11 ಕೋಟಿ 16 ಲಕ್ಷ ಡಾಲರಿಗೆ ತಂಡ ಹಿಡಿದದ್ದು, 2009, 2011, 2016ರಲ್ಲಿ ಫೈನಲ್ ತನಕ ಹೋಗಿ ಬರಿಗೈಲಿ ಬಂದದ್ದು, ಮೂರನೇ ಫೈನಲ್ ಹೊತ್ತಿಗೆ ಮಲ್ಯ ದೇಶದಲ್ಲೇ ಇಲ್ಲದ್ದು, ಕೊನೆಗೆ 2025ರ ಜೂನ್ 3ಕ್ಕೆ ಕಪ್ ಬಂದಾಗ ತಂಡ ಬೇರೆಯವರ ಕೈಲಿದ್ದದ್ದು... ಗೆಳೆಯನ ಲೆಕ್ಕ ಸರಳ. ಮಲ್ಯಗೆ ಸೊನ್ನೆ, ಆಮೇಲೆ ಬಂದವರಿಗೆ ಒಂದು. "ಮಾರನೇ ದಿನ ಚಿನ್ನಸ್ವಾಮಿ ಗೇಟಿನ ಹತ್ತಿರ ಕಾಲ್ತುಳಿತದಲ್ಲಿ ಹೋದ 11 ಜೀವಗಳನ್ನ ಯಾವ ಕಾಲಮ್ಮಿನಲ್ಲಿ ಬರೀತೀಯ?" ಅಂತ ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬ ಕೇಳಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನನಗೆ ಆಗ ನೆನಪಾದವನು ವಾಲ್ಟರ್ ಓಮ್ಯಾಲಿ.

ಹೆಸರು ಕೇಳಿರಲಿಕ್ಕಿಲ್ಲ. ನಾನೂ ಕೇಳಿರಲಿಲ್ಲ. ಕೆಲಸದ ಮೇಲೆ ನ್ಯೂಜೆರ್ಸಿಯಲ್ಲಿ ಒಂದು ವರ್ಷ ಇದ್ದಾಗ ಪಕ್ಕದ ಮೇಜಿನಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬರಿದ್ದರು. ಹುಟ್ಟಿ ಬೆಳೆದದ್ದು ಬ್ರೂಕ್ಲಿನ್. ಬೇಸ್‌ಬಾಲ್ ಬಗ್ಗೆ ಏನೋ ಕೇಳಿದ್ದಕ್ಕೆ ಒಂದು ಹಳೇ ಜೋಕು ಹೇಳಿದರು. ಒಂದು ಕೋಣೆಯಲ್ಲಿ ಹಿಟ್ಲರ್, ಸ್ಟಾಲಿನ್, ಓಮ್ಯಾಲಿ ಮೂವರೂ ಇದ್ದಾರೆ, ನಿನ್ನ ಪಿಸ್ತೂಲಿನಲ್ಲಿ ಎರಡೇ ಗುಂಡು, ಏನು ಮಾಡ್ತೀಯ? ಉತ್ತರ: ಓಮ್ಯಾಲಿಗೆ ಎರಡು ಸಲ ಹೊಡೀತೀನಿ. ಬ್ರೂಕ್ಲಿನ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಜೋಕು ಅದು. ನಾನು ನಕ್ಕೆ, ಅವರು ನಗಲಿಲ್ಲ.

ತಮಾಷೆ ಏನು ಗೊತ್ತಾ? ಈ ಓಮ್ಯಾಲಿ ನಾಲ್ಕು ಸಲ ವರ್ಲ್ಡ್ ಸೀರೀಸ್ ಗೆದ್ದ ಮಾಲೀಕ. 1955, 1959, 1963, 1965. ಅದರಲ್ಲೂ ಬ್ರೂಕ್ಲಿನ್ ಊರಿಗೆ ಅದರ ಇಡೀ ಚರಿತ್ರೆಯಲ್ಲಿ ಸಿಕ್ಕ ಒಂದೇ ಒಂದು ವರ್ಲ್ಡ್ ಸೀರೀಸ್ ಬಂದದ್ದು ಇವನ ಕಾಲದಲ್ಲೇ. ನನ್ನ ಗೆಳೆಯನ ಸೂತ್ರದ ಪ್ರಕಾರ ಆ ಊರಲ್ಲಿ ಇವನಿಗೆ ಗುಡಿ ಕಟ್ಟಬೇಕಿತ್ತು.

ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಬ್ರೂಕ್ಲಿನ್ ನ್ಯೂಯಾರ್ಕಿನ ಒಂದು ಭಾಗ, ಆದರೆ ತಾನೇ ಒಂದು ಊರು ಅನ್ನೋ ಠೇಂಕಾರ ಅದಕ್ಕೆ. ತಂಡದ ಹೆಸರು ಡಾಡ್ಜರ್ಸ್. ಬೀದಿ ತುಂಬ ಟ್ರಾಮು ಓಡಾಡುತ್ತಿದ್ದ ಕಾಲದಲ್ಲಿ ಅವುಗಳಿಂದ ತಪ್ಪಿಸಿಕೊಂಡು ಓಡಾಡೋ ಜನ ಅಂತ ಬ್ರೂಕ್ಲಿನ್‌ನವರಿಗಿದ್ದ ಅಡ್ಡಹೆಸರಿನಿಂದ ಬಂದದ್ದು. ಆಡುತ್ತಿದ್ದ ಮೈದಾನ ಎಬೆಟ್ಸ್ ಫೀಲ್ಡ್, 1913ರಲ್ಲಿ ತೆರೆದದ್ದು. ಎದುರಾಳಿ ಯಾವಾಗಲೂ ಅದೇ ನ್ಯೂಯಾರ್ಕಿನ ಶ್ರೀಮಂತ ತಂಡ ಯಾಂಕೀಸ್. 1941, 1947, 1949, 1952, 1953, ಐದು ಸಲ ವರ್ಲ್ಡ್ ಸೀರೀಸಿನಲ್ಲಿ ಯಾಂಕೀಸ್ ಕೈಲೇ ಸೋಲು. ಪ್ರತಿ ಸಲ ಬ್ರೂಕ್ಲಿನ್‌ನವರ ಬಾಯಲ್ಲಿ ಒಂದೇ ಮಾತು, ಮುಂದಿನ ವರ್ಷ ನೋಡ್ಕೊಳ್ಳಿ ಅಂತ. ನಮ್ಮ 'ಈ ಸಲ ಕಪ್ ನಮ್ದೇ'ಗೆ ಅಣ್ಣ ಅನ್ನಿ.

ಓಮ್ಯಾಲಿ ಆಟಗಾರನಲ್ಲ, ವಕೀಲ. ತಂಡ ಸಾಲದಲ್ಲಿತ್ತು, ಸಾಲ ಕೊಟ್ಟಿದ್ದ ಬ್ಯಾಂಕಿಗೂ ಇವನಿಗೂ ನಂಟಿತ್ತು. 1943ರಲ್ಲಿ ತಂಡದ ವಕೀಲನಾಗಿ ಬಂದ, ಒಂದೆರಡು ವರ್ಷದಲ್ಲಿ ಪಾಲುದಾರನಾದ. ಇವನು, ಬ್ರಾಂಚ್ ರಿಕಿ, ಜಾನ್ ಸ್ಮಿತ್ ಅನ್ನೋ ಔಷಧಿ ಕಂಪನಿಯ ಯಜಮಾನ, ಮೂವರಿಗೂ ಕಾಲು ಕಾಲು ಪಾಲು. ಆಟದ ತಲೆಯೆಲ್ಲ ರಿಕಿಯದು. 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್ಸನ್ ಅನ್ನೋ ಕರಿಯ ಹುಡುಗನನ್ನು ಮೈದಾನಕ್ಕಿಳಿಸಿ, ದೊಡ್ಡ ಲೀಗಿನಲ್ಲಿ ಅರವತ್ತು ವರ್ಷದಿಂದ ಹಾಗೇ ಇದ್ದ ಬಣ್ಣದ ಗೋಡೆ ಒಡೆದದ್ದು ರಿಕಿ. ಆಮೇಲೆ ರಾಯ್ ಕ್ಯಾಂಪನೆಲ್ಲಾ, ಡಾನ್ ನ್ಯೂಕೂಂಬ್ ಬಂದರು. ಬೇರೆ ತಂಡಗಳು ಬೇಡ ಅಂತ ಬಿಟ್ಟಿದ್ದ ಪ್ರತಿಭೆಯನ್ನು ಮೊದಲು ಬಾಚಿಕೊಂಡದ್ದು ಬ್ರೂಕ್ಲಿನ್.

1950ರಲ್ಲಿ ರಿಕಿಗೂ ಓಮ್ಯಾಲಿಗೂ ಸರಿಹೋಗಲಿಲ್ಲ. ರಿಕಿ ಪಾಲು ಬಿಡುವ ಹೊತ್ತಿಗೆ ಹೊರಗಿನಿಂದ ಒಬ್ಬ ಆಸಾಮಿಯನ್ನು ತಂದು ಬೆಲೆ ಏರಿಸಿದ. ಹತ್ತು ಲಕ್ಷ ಡಾಲರಿಗೂ ಮೇಲೆ ತೆತ್ತು ಓಮ್ಯಾಲಿ ಅದನ್ನು ಕೊಳ್ಳಬೇಕಾಯ್ತು. ಆ ಸಿಟ್ಟಿಗೆ, ಕಚೇರಿಯಲ್ಲಿ ರಿಕಿ ಹೆಸರೆತ್ತಿದವರಿಗೆ ಒಂದು ಡಾಲರ್ ದಂಡ ಹಾಕುತ್ತಿದ್ದನಂತೆ!

ಈಗ 1955ಕ್ಕೆ ಬನ್ನಿ. ಅಕ್ಟೋಬರ್ 4, ಯಾಂಕೀ ಸ್ಟೇಡಿಯಂ, ಏಳನೇ ಪಂದ್ಯ. ಜಾನಿ ಪಾಡ್ರೆಸ್ ಅನ್ನೋ 23 ವರ್ಷದ ಹುಡುಗ ಪೂರ್ತಿ ಒಂಬತ್ತು ಇನ್ನಿಂಗ್ಸ್ ಎಸೆದು ಯಾಂಕೀಸಿಗೆ ಒಂದು ರನ್ನೂ ಕೊಡಲಿಲ್ಲ. 2-0. ಬ್ರೂಕ್ಲಿನ್ ಬೀದಿಗಿಳಿಯಿತು. ಆ ಕಪ್ ಯಾರ ಖಾತೆಗೆ? ಪುಸ್ತಕದಲ್ಲಿ ಓಮ್ಯಾಲಿ ಖಾತೆಗೆ. ರಾಬಿನ್ಸನ್, ಕ್ಯಾಂಪನೆಲ್ಲಾ, ನ್ಯೂಕೂಂಬ್, ಡ್ಯೂಕ್ ಸ್ನೈಡರ್, ಇವರನ್ನೆಲ್ಲ ಬೆಳೆಸಿದ ರಿಕಿ ಆ ಹೊತ್ತಿಗೆ ಪಿಟ್ಸ್‌ಬರ್ಗಿನಲ್ಲಿದ್ದ. ಗಿಡ ನೆಟ್ಟವನೊಬ್ಬ, ಹಣ್ಣು ಕಿತ್ತವನೊಬ್ಬ. ಆದರೆ ಪೂರ್ತಿ ಹಾಗನ್ನೋದೂ ಅನ್ಯಾಯವೇ. ಹಿಂದಿನ ಮ್ಯಾನೇಜರ್ ಹಲವು ವರ್ಷದ ಒಪ್ಪಂದ ಕೊಡಿ ಅಂತ ಹಟ ಹಿಡಿದಾಗ ಅವನನ್ನು ಬಿಟ್ಟು, ಹೆಸರೇ ಕೇಳಿರದ ವಾಲ್ಟರ್ ಆಲ್‌ಸ್ಟನ್ ಅನ್ನೋನನ್ನು 1954ಕ್ಕೆ ತಂದು ಕೂರಿಸಿದ್ದು ಓಮ್ಯಾಲಿ. ಆಲ್‌ಸ್ಟನ್ ಒಂದೊಂದು ವರ್ಷದ ಒಪ್ಪಂದಕ್ಕೇ ಸಹಿ ಹಾಕುತ್ತಾ 23 ವರ್ಷ ತೆಗೆದ. ನಾಲ್ಕು ಕಪ್ಪೂ ಅವನ ಕಾಲದ್ದೇ.

ಕಪ್ ಬಂತು. ಎರಡು ವರ್ಷ ಕಳೆದ ಮೇಲೆ ತಂಡವೇ ಇರಲಿಲ್ಲ!

ಎಬೆಟ್ಸ್ ಫೀಲ್ಡ್ ಹಳೆಯದಾಗಿತ್ತು. ಹಿಡಿಸುತ್ತಿದ್ದದ್ದು ಸುಮಾರು 32 ಸಾವಿರ ಜನ, ಕಾರು ನಿಲ್ಲಿಸಲು ಜಾಗ ಬರೀ 700 ಕಾರಿಗೆ. ನೋಡುಗರು ಒಬ್ಬೊಬ್ಬರಾಗಿ ಲಾಂಗ್ ಐಲೆಂಡ್ ಕಡೆ ಮನೆ ಮಾಡಿ ಕಾರು ಕೊಂಡಿದ್ದರು. 1947ರಲ್ಲಿ 18 ಲಕ್ಷ ಜನ ಮೈದಾನಕ್ಕೆ ಬಂದಿದ್ದರೆ, ಕಪ್ ಗೆದ್ದ 1955ರಲ್ಲಿ ಬಂದವರು ಹತ್ತು ಲಕ್ಷ ಚಿಲ್ಲರೆ. ಅತ್ತ ಬಾಸ್ಟನ್ ಬಿಟ್ಟು 1953ರಲ್ಲಿ ಮಿಲ್ವಾಕಿಗೆ ಹೋದ ಬ್ರೇವ್ಸ್ ತಂಡಕ್ಕೆ ಹೊಸ ಮೈದಾನ, ಮರುವರ್ಷವೇ 20 ಲಕ್ಷ ಜನ. ಓಮ್ಯಾಲಿ ಇದನ್ನು ನೋಡಿ ಹೊಟ್ಟೆ ಉರಿದುಕೊಂಡದ್ದು ಸುಳ್ಳಲ್ಲ. ಆದರೆ ಡಾಡ್ಜರ್ಸ್ ನಷ್ಟದಲ್ಲೇನೂ ಇರಲಿಲ್ಲ. ಆ ವರ್ಷಗಳಲ್ಲಿ ಬೇಸ್‌ಬಾಲಿನಲ್ಲಿ ಅತಿ ಹೆಚ್ಚು ಲಾಭ ಮಾಡುತ್ತಿದ್ದ ತಂಡಗಳಲ್ಲಿ ಅದೂ ಒಂದು. ಬ್ರೂಕ್ಲಿನ್‌ನವರ ಹೊಟ್ಟೆಸಂಕಟ ಇರೋದೇ ಅಲ್ಲಿ.

ಓಮ್ಯಾಲಿ ಬ್ರೂಕ್ಲಿನ್‌ನಲ್ಲೇ ಅಟ್ಲಾಂಟಿಕ್, ಫ್ಲಾಟ್‌ಬುಷ್ ಬೀದಿಗಳು ಕೂಡುವಲ್ಲಿ, ರೈಲು ನಿಲ್ದಾಣದ ಪಕ್ಕದಲ್ಲಿ ಜಾಗ ಕೇಳಿದ. ಮೈದಾನ ನಾನೇ ನನ್ನ ದುಡ್ಡಲ್ಲಿ ಕಟ್ಟುತ್ತೇನೆ, ನಗರಪಾಲಿಕೆ ಜಾಗ ಒಟ್ಟುಮಾಡಿ ಕೊಡಲಿ ಅಂದ. ಬಕ್‌ಮಿನ್‌ಸ್ಟರ್ ಫುಲ್ಲರ್ ಕೈಲಿ ಗುಮ್ಮಟವಿರೋ ಮೈದಾನದ ಮಾದರಿ ಕೂಡ ಮಾಡಿಸಿದ. ಅಡ್ಡ ನಿಂತವನು ರಾಬರ್ಟ್ ಮೋಸೆಸ್. ಚುನಾವಣೆ ಗೆಲ್ಲದೆಯೇ ನ್ಯೂಯಾರ್ಕಿನ ರಸ್ತೆ, ಸೇತುವೆ, ಪಾರ್ಕು ಎಲ್ಲವನ್ನೂ ದಶಕಗಳ ಕಾಲ ಕೈಲಿಟ್ಟುಕೊಂಡಿದ್ದ ಮನುಷ್ಯ. ಕೊಳೆಗೇರಿ ತೆರವಿಗೆ ಅಂತ ಇರೋ ಕಾನೂನನ್ನು ಒಬ್ಬ ಖಾಸಗಿ ವ್ಯಕ್ತಿಯ ಮೈದಾನಕ್ಕೆ ಬಳಸೋದಿಲ್ಲ ಅಂದ. ಬೇಕಿದ್ದರೆ ಕ್ವೀನ್ಸ್‌ನ ಫ್ಲಷಿಂಗ್ ಮೆಡೋಸ್‌ನಲ್ಲಿ ಜಾಗ ಇದೆ ನೋಡು ಅಂದ. ಓಮ್ಯಾಲಿಗೆ ಅದು ಬೇಡ. ಬ್ರೂಕ್ಲಿನ್ ಬಿಡೋದೇ ಆದರೆ ಕ್ವೀನ್ಸ್ ಆದರೇನು, ಮೂರು ಸಾವಿರ ಮೈಲಿ ಆಚೆಯಾದರೇನು ಅನ್ನೋದು ಅವನ ತರ್ಕ.

ಇಬ್ಬರಲ್ಲಿ ಯಾರದು ತಪ್ಪು ಅಂತ ಅಮೆರಿಕದಲ್ಲಿ ಈಗಲೂ ವಾದ ನಡೆಯುತ್ತೆ. ಈಚಿನವರು ಹೆಚ್ಚಾಗಿ ಮೋಸೆಸ್ ಕಡೆ ಬೆರಳು ತೋರಿಸುತ್ತಾರೆ. ನನಗೆ ಮೋಸೆಸ್ ಮೇಲೆ ಯಾವ ಪ್ರೀತಿಯೂ ಇಲ್ಲ, ಆದರೆ ಸಾರ್ವಜನಿಕ ಕಾನೂನಿನಿಂದ ಜನರ ಜಾಗ ತೆಗೆದು ಖಾಸಗಿ ತಂಡಕ್ಕೆ ಕೊಡೋದಿಲ್ಲ ಅಂದ ಆ ಒಂದು ಮಾತಿನಲ್ಲಿ ಏನು ತಪ್ಪು ಅಂತ ನನಗೆ ಇವತ್ತಿಗೂ ಹೊಳೆದಿಲ್ಲ. ಅವನು ತನ್ನ ಹೆದ್ದಾರಿಗಳಿಗೆ ಅಂಥದ್ದನ್ನೇ ಮಾಡಿದ್ದ ಅನ್ನೋದು ಬೇರೆ ವಿಷಯ.

ಇತ್ತ ಜಗ್ಗಾಟ ನಡೆಯುತ್ತಿರುವಾಗಲೇ ಅತ್ತ ಲಾಸ್ ಏಂಜಲೀಸ್ ಗಾಳ ಹಾಕಿತ್ತು. 22ನೇ ವಯಸ್ಸಿಗೇ ನಗರಸಭೆಗೆ ಗೆದ್ದು ಬಂದಿದ್ದ ರೊಸಾಲಿಂಡ್ ವೈಮನ್ ಅನ್ನೋ ಹೆಣ್ಣುಮಗಳು ತಂಡ ತರಿಸಿಯೇ ತೀರ್ತೀನಿ ಅಂತ ಓಡಾಡುತ್ತಿದ್ದಳು. ಓಮ್ಯಾಲಿ 1956ರಲ್ಲೇ ಎಬೆಟ್ಸ್ ಫೀಲ್ಡನ್ನು ಮನೆ ಕಟ್ಟೋ ಒಬ್ಬ ಬಿಲ್ಡರಿಗೆ ಮಾರಿ ಬಾಡಿಗೆಗೆ ಇದ್ದ. 1957ರ ಮೇ ತಿಂಗಳಲ್ಲಿ ಹೆಲಿಕಾಪ್ಟರಿನಲ್ಲಿ ಕೂತು ಲಾಸ್ ಏಂಜಲೀಸ್ ಮೇಲೆ ಸುತ್ತಿದ. ಹೆದ್ದಾರಿಗಳು ಕೂಡೋ ಕಡೆ, ಊರ ಮಧ್ಯದಲ್ಲೇ ಗುಡ್ಡದ ನಡುವೆ ಖಾಲಿ ಬಿದ್ದಿದ್ದ ಒಂದು ಜಾಗ ಕಣ್ಣಿಗೆ ಬಿತ್ತು.

1957ರ ಸೆಪ್ಟೆಂಬರ್ 24, ಎಬೆಟ್ಸ್ ಫೀಲ್ಡಿನ ಕೊನೇ ಪಂದ್ಯ. ಬಂದವರು 6,702 ಜನ ಅಷ್ಟೆ. ಮೈದಾನದ ಆರ್ಗನ್ ನುಡಿಸುತ್ತಿದ್ದ ಗ್ಲ್ಯಾಡಿಸ್ ಗುಡ್ಡಿಂಗ್ ಒಂದಾದ ಮೇಲೊಂದು ವಿದಾಯದ ಹಾಡು ನುಡಿಸಿದಳು. ಅಕ್ಟೋಬರ್ 8ಕ್ಕೆ ಅಧಿಕೃತ ಪ್ರಕಟಣೆ. 1960ರಲ್ಲಿ ಬೇಸ್‌ಬಾಲ್ ಚೆಂಡಿನ ಹಾಗೆ ಬಣ್ಣ ಬಳಿದ ಕಬ್ಬಿಣದ ಗುಂಡಿನಿಂದ ಮೈದಾನ ಒಡೆದರು. ಆ ಬಣ್ಣ ಬಳಿಯೋ ಐಡಿಯಾ ಯಾವ ಮಹಾನುಭಾವನಿಗೆ ಬಂತೋ. ಅಲ್ಲೀಗ ಎತ್ತರದ ಅಪಾರ್ಟ್‌ಮೆಂಟುಗಳಿವೆ.

ಅದೇ ವರ್ಷ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನೂ ಅದರ ಮಾಲೀಕ ಹೊರೇಸ್ ಸ್ಟೋನ್‌ಹ್ಯಾಮ್ ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋದ. ಅವನೂ 1954ರಲ್ಲಿ ಒಂದು ಕಪ್ ಗೆದ್ದವನೇ. ಅವನ ಮೇಲೆ ಜೋಕು ಹುಟ್ಟಲಿಲ್ಲ. ಅವನ ಮೈದಾನ ನಿಜವಾಗಿ ಖಾಲಿ ಹೊಡೆಯುತ್ತಿತ್ತು, ಜನಕ್ಕೆ ಅದು ಕಾಣುತ್ತಿತ್ತು. ಬಡತನಕ್ಕೆ ಊರು ಬಿಟ್ಟವನನ್ನು ಯಾರೂ ಶಪಿಸುವುದಿಲ್ಲ. ಉಂಡ ಮನೆಯಿಂದ ಇನ್ನೂ ದೊಡ್ಡ ಎಲೆ ಹುಡುಕಿಕೊಂಡು ಎದ್ದು ಹೋದವನ ವಿಷಯ ಬೇರೆ.

ಇಲ್ಲಿಗೆ ಬ್ರೂಕ್ಲಿನ್ ಕಥೆ. ನನಗೆ ಇದಕ್ಕಿಂತ ಹೆಚ್ಚು ಕಾಡಿದ್ದು ಹೆಲಿಕಾಪ್ಟರಿನಿಂದ ಕಂಡ ಆ 'ಖಾಲಿ' ಜಾಗದ ಕಥೆ.

ಅದರ ಹೆಸರು ಚಾವೇಜ್ ರವೀನ್. ಅದು ಮೊದಲಿಂದ ಖಾಲಿ ಇರಲಿಲ್ಲ. ಪಾಲೋ ವೆರ್ಡೆ, ಲಾ ಲೋಮಾ, ಬಿಷಪ್ ಅಂತ ಮೂರು ಕೇರಿಗಳು. ಬಹುತೇಕ ಮೆಕ್ಸಿಕನ್ ಮೂಲದವರು, ಸಾವಿರಕ್ಕೂ ಹೆಚ್ಚು ಕುಟುಂಬ. ಸ್ವಂತ ಮನೆ, ಹಿತ್ತಲಲ್ಲಿ ತರಕಾರಿ, ಕೋಳಿ, ಆಡು, ಇಗರ್ಜಿ, ಶಾಲೆ. 1950ರ ಜುಲೈನಲ್ಲಿ ಅವರಿಗೆಲ್ಲ ಪಾಲಿಕೆಯ ವಸತಿ ಇಲಾಖೆಯಿಂದ ಕಾಗದ ಬಂತು. ಇಲ್ಲಿ ಸರ್ಕಾರ ಬಡವರಿಗೆ ದೊಡ್ಡ ಬಡಾವಣೆ ಕಟ್ಟುತ್ತೆ, ಮನೆ ಮಾರಿ, ಹೊಸ ಮನೆಗಳಲ್ಲಿ ಮೊದಲ ಆದ್ಯತೆ ನಿಮಗೇ ಅಂತ. ರಿಚರ್ಡ್ ನ್ಯೂಟ್ರಾ ಅಂಥ ದೊಡ್ಡ ವಾಸ್ತುಶಿಲ್ಪಿ ನಕ್ಷೆ ಬರೆದಿದ್ದ. ಬಹಳ ಜನ ಕೊಟ್ಟ ದುಡ್ಡು ತಗೊಂಡು ಹೊರಟರು. ಅಷ್ಟರಲ್ಲಿ ಕಮ್ಯುನಿಸ್ಟ್ ಬೇಟೆಯ ಕಾಲ ಬಂತು. ಸರ್ಕಾರಿ ವಸತಿ ಅಂದರೇ ಕಮ್ಯುನಿಸಂ ಅಂತ ಹುಯಿಲೆದ್ದಿತು. ಯೋಜನೆಯನ್ನು ಹೊತ್ತು ತಿರುಗುತ್ತಿದ್ದ ಫ್ರಾಂಕ್ ವಿಲ್ಕಿನ್ಸನ್ ತನ್ನ ರಾಜಕೀಯದ ಪ್ರಶ್ನೆಗೆ ಉತ್ತರ ಕೊಡೋದಿಲ್ಲ ಅಂದದ್ದಕ್ಕೆ ಕೆಲಸ ಕಳಕೊಂಡ. 1953ರಲ್ಲಿ ಸರ್ಕಾರಿ ವಸತಿಯನ್ನು ವಿರೋಧಿಸಿಯೇ ನಾರಿಸ್ ಪೌಲ್ಸನ್ ಮೇಯರ್ ಆದ, ಯೋಜನೆ ಸತ್ತಿತು. ಮನೆಗಳು ಹೋದವು, ಬಡಾವಣೆ ಬರಲಿಲ್ಲ. ಜಮೀನು ಸಾರ್ವಜನಿಕ ಉದ್ದೇಶಕ್ಕೇ ಬಳಸಬೇಕು ಅನ್ನೋ ಷರತ್ತಿನ ಮೇಲೆ ಪಾಲಿಕೆಗೆ ವಾಪಸ್ ಬಂತು.

ಆ ಸಾರ್ವಜನಿಕ ಉದ್ದೇಶ ಕೊನೆಗೆ ಡಾಡ್ಜರ್ಸ್ ಆಯ್ತು. ಸುಮಾರು 300 ಎಕರೆ, ಬದಲಿಗೆ ಓಮ್ಯಾಲಿ ತಾನು ಕೊಂಡಿದ್ದ ಒಂದು ಸಣ್ಣ ಹಳೇ ಮೈದಾನ ಪಾಲಿಕೆಗೆ ಕೊಟ್ಟ. ವಿರೋಧ ಎದ್ದಿತು, 1958ರ ಜೂನ್ 3ರಂದು ಜನಮತಕ್ಕೆ ಹಾಕಿದರು. ಓಮ್ಯಾಲಿ ಗೆದ್ದ, ಆದರೆ ಏಳು ಲಕ್ಷದ ಹತ್ತಿರ ಮತ ಬಿದ್ದಲ್ಲಿ ಅಂತರ ಸುಮಾರು 25 ಸಾವಿರ.

ಈಗ ಎರಡು ದಿನಾಂಕ ಹೇಳ್ತೀನಿ ಕೇಳಿ. 1959ರ ಮೇ 7, ಗುರುವಾರ ರಾತ್ರಿ. ಕ್ಯಾಂಪನೆಲ್ಲಾಗೆ ಹಿಂದಿನ ವರ್ಷ ಜನವರಿಯಲ್ಲಿ ಕಾರು ಅಪಘಾತವಾಗಿ ಕತ್ತಿನ ಕೆಳಗೆ ಸ್ವಾಧೀನ ತಪ್ಪಿತ್ತು. ಲಾಸ್ ಏಂಜಲೀಸ್ ಪರವಾಗಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಅವನ ಗೌರವಾರ್ಥ ಓಮ್ಯಾಲಿ ಯಾಂಕೀಸ್ ಜೊತೆ ಒಂದು ಪಂದ್ಯ ಇಡಿಸಿದ. 93,103 ಜನ ಬಂದರು. ಗಾಲಿಕುರ್ಚಿಯಲ್ಲಿ ಕ್ಯಾಂಪನೆಲ್ಲಾನನ್ನು ಮೈದಾನಕ್ಕೆ ತಂದಾಗ ದೀಪಗಳನ್ನೆಲ್ಲ ಆರಿಸಿ, ಅಷ್ಟೂ ಜನ ಕತ್ತಲಲ್ಲಿ ಒಂದೊಂದು ಬೆಂಕಿಕಡ್ಡಿ ಗೀರಿ ಹಿಡಿದರು.

ಮಾರನೇ ದಿನ, ಮೇ 8, ಶುಕ್ರವಾರ. ಚಾವೇಜ್ ರವೀನಿನಲ್ಲಿ ಬಿಟ್ಟು ಹೋಗದೆ ಉಳಿದಿದ್ದ ಬೆರಳೆಣಿಕೆಯ ಮನೆಗಳಿಗೆ ಶೆರೀಫನ ಪೊಲೀಸರು ಬಂದರು. ಅರೇಚಿಗಾ ಕುಟುಂಬದ ಒಬ್ಬ ಹೆಂಗಸನ್ನು ಕೈಕಾಲು ಹಿಡಿದು ಹೊತ್ತು ಮೆಟ್ಟಿಲಿಳಿಸಿದ ಚಿತ್ರ ಪತ್ರಿಕೆಗಳಲ್ಲಿ ಬಂತು. ಅವರು ಹೊರಬಿದ್ದದ್ದೇ ಬುಲ್ಡೋಜರ್ ಮನೆ ಕೆಡವಿತು. ಆ ಮನೆಯವರು ಅಲ್ಲೇ ಡೇರೆ ಹಾಕಿ ಕೂತರು. ಕೆಲವು ದಿನದಲ್ಲಿ, ಆ ಕುಟುಂಬಕ್ಕೆ ಊರಲ್ಲಿ ಬೇರೆ ಮನೆಗಳೂ ಇವೆ ಅಂತ ಪತ್ರಿಕೆಗಳು ಬರೆದವು, ಜನರ ಕನಿಕರ ಆರಿಹೋಯ್ತು. ಬೇರೆ ಮನೆ ಇದ್ದರೆ ಈ ಮನೆ ತನ್ನದಲ್ಲದೆ ಹೋಗುತ್ತದೆಯೇ ಅಂತ ಕೇಳಿದವರು ಕಡಿಮೆ.

ನ್ಯಾಯವಾಗಿ ಹೇಳಬೇಕಂದ್ರೆ ಆ ಸಾವಿರ ಕುಟುಂಬಗಳನ್ನು ಎಬ್ಬಿಸಿದ್ದು ಓಮ್ಯಾಲಿ ಅಲ್ಲ. ಅವನ ಹೆಲಿಕಾಪ್ಟರ್ ಬರುವ ಹೊತ್ತಿಗೆ ಬಹುಪಾಲು ಮನೆಗಳು ಹೋಗಿ ವರ್ಷಗಳಾಗಿದ್ದವು. ಲಾಸ್ ಏಂಜಲೀಸಿನಲ್ಲಿ ಈಗಲೂ ಎಷ್ಟೋ ಜನ ಮೈದಾನಕ್ಕಾಗಿಯೇ ಊರು ಖಾಲಿ ಮಾಡಿಸಿದರು ಅಂತಲೇ ಹೇಳೋದು, ಅದು ಸರಿಯಲ್ಲ. ಆದರೆ ಬಡವರ ಮನೆಗೆ ಅಂತ ಕಿತ್ತುಕೊಂಡ ಮಣ್ಣಿನ ಮೇಲೆ ಕಟ್ಟಿದವನು ಅವನು. ಅದು ಅವನಿಗೆ ಗೊತ್ತಿರಲಿಲ್ಲ ಅನ್ನೋಕಾಗಲ್ಲ.

ಆ 1959ರಲ್ಲೇ ಡಾಡ್ಜರ್ಸ್ ಮತ್ತೆ ವರ್ಲ್ಡ್ ಸೀರೀಸ್ ಗೆದ್ದರು. ಒಂದು ಪಂದ್ಯಕ್ಕೆ 92,706 ಜನ. 1962ರ ಏಪ್ರಿಲ್ 10ರಂದು ಡಾಡ್ಜರ್ ಸ್ಟೇಡಿಯಂ ತೆರೆಯಿತು. ಪಾಲಿಕೆ ದುಡ್ಡಲ್ಲ, ತನ್ನದೇ ಸಾಲ ಸೋಲ, ಸುಮಾರು 2 ಕೋಟಿ 30 ಲಕ್ಷ ಡಾಲರ್. ಇವತ್ತಿಗೂ ಅಂದ ಕೆಡದ ಮೈದಾನ. (ತೆರೆದಾಗ ನೋಡುಗರಿಗೆ ಕುಡಿಯೋ ನೀರಿನ ನಲ್ಲಿ ಒಂದೂ ಇರಲಿಲ್ಲ. ಬಿಯರ್, ಸೋಡಾ ಮಾರೋಕೆ ಮಾಡಿದ ಉಪಾಯ ಅಂತ ಜನ ಆಡಿಕೊಂಡರು. ವಕೀಲರ ಬುದ್ಧಿ ನೋಡಿ :) ) 1963ರಲ್ಲಿ ಯಾಂಕೀಸನ್ನು 4-0 ತೊಳೆದರು, 1965ರಲ್ಲಿ ಮಿನೆಸೋಟವನ್ನು 4-3. ಎರಡರಲ್ಲೂ ಹೀರೋ ಸ್ಯಾಂಡಿ ಕೋಫ್ಯಾಕ್ಸ್. 1965ರ ಏಳನೇ ಪಂದ್ಯವನ್ನು ಎರಡೇ ದಿನದ ವಿಶ್ರಾಂತಿಯಲ್ಲಿ, ನೋಯುವ ಕೈಯಲ್ಲಿ ಎಸೆದು ಗೆಲ್ಲಿಸಿದ. ಕೋಫ್ಯಾಕ್ಸ್ ಯಾವ ಊರಿನ ಹುಡುಗ ಗೊತ್ತೇ? ಬ್ರೂಕ್ಲಿನ್. ನನ್ನ ಪಕ್ಕದ ಮೇಜಿನವರು ಇದನ್ನು ಹೇಳುವಾಗ ಎರಡು ಸಲ ಹೇಳಿದ್ದರು. ಮರುವರ್ಷ ಅವನೂ ಡಾನ್ ಡ್ರೈಸ್‌ಡೇಲ್ ಕೂಡ ಜೊತೆಯಾಗಿ ಸಂಬಳ ಹೆಚ್ಚಿಸಿ, ಇಲ್ಲದಿದ್ದರೆ ಬರೋದಿಲ್ಲ ಅಂತ ಕೂತರು. ಕೇಳಿದ್ದಕ್ಕಿಂತ ಬಹಳ ಕಡಿಮೆಗೆ ಒಪ್ಪಬೇಕಾಯ್ತು. ಆ ಋತು ಮುಗಿದದ್ದೇ 30ನೇ ವಯಸ್ಸಿಗೆ ಕೋಫ್ಯಾಕ್ಸ್ ಆಟ ಬಿಟ್ಟ.

ಇನ್ನೊಂದು ಮಗ್ಗುಲೂ ಇದೆ. ಬೇಸ್‌ಬಾಲನ್ನು ಪಶ್ಚಿಮ ಕರಾವಳಿಗೆ ಒಯ್ದು ನಿಜವಾಗಿ ದೇಶದ ಆಟ ಮಾಡಿದವನು ಓಮ್ಯಾಲಿಯೇ. 1958ರಲ್ಲೇ ಸ್ಪ್ಯಾನಿಷ್ ಭಾಷೆಯಲ್ಲಿ ರೇಡಿಯೋ ವೀಕ್ಷಕವಿವರಣೆ ಶುರುಮಾಡಿಸಿದ. ಆಗ ಬೇರೆ ಯಾವ ತಂಡಕ್ಕೂ ಅದು ಹೊಳೆದಿರಲಿಲ್ಲ. 1981ರಲ್ಲಿ, ಓಮ್ಯಾಲಿ ತೀರಿಕೊಂಡು ಎರಡು ವರ್ಷದ ಮೇಲೆ, ಫೆರ್ನಾಂಡೋ ವಾಲೆನ್‌ಜುವೆಲಾ ಅನ್ನೋ ಮೆಕ್ಸಿಕೋದ ಹಳ್ಳಿ ಹುಡುಗ ಚೆಂಡು ಎಸೆಯೋಕೆ ನಿಂತಾಗ, ಅದೇ ಗುಡ್ಡಕ್ಕೆ ಮೆಕ್ಸಿಕನ್ನರು ಸಾಲುಗಟ್ಟಿ ಹತ್ತಿ ಬಂದರು. ಆ ಮೂರು ಕೇರಿಗಳ ಹಳಬರು ಮಾತ್ರ ತಮ್ಮನ್ನು ತಾವೇ ಬೇರು ಕಿತ್ತವರು ಅಂತ ಕರೆದುಕೊಂಡು, ಪಕ್ಕದ ಎಲೀಸಿಯನ್ ಪಾರ್ಕಿನಲ್ಲಿ ವರ್ಷಕ್ಕೊಮ್ಮೆ ಸೇರಿ ಊಟ ಮಾಡುತ್ತಾ ಬಂದರು.

ಓಮ್ಯಾಲಿಯನ್ನು ಬೇಸ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2008ರಲ್ಲಿ, ಸತ್ತು 29 ವರ್ಷದ ಮೇಲೆ. ನಾಲ್ಕು ಕಪ್ಪಿನವನಿಗೆ ಇಷ್ಟು ತಡ ಯಾಕೆ ಅಂತ ನಿಮಗೀಗ ಗೊತ್ತು. ಹಾಗೇ ಕಪ್ ಲೆಕ್ಕಕ್ಕೆ ಇನ್ನೊಂದು ತುದಿ ಬೇಕಿದ್ದರೆ, 2004ರಿಂದ 2012ರ ತನಕ ಇದೇ ತಂಡದ ಮಾಲೀಕನಾಗಿದ್ದ ಫ್ರಾಂಕ್ ಮೆಕೋರ್ಟ್ ಇದ್ದಾನೆ. ಕಪ್ ಸೊನ್ನೆ, 2011ರಲ್ಲಿ ತಂಡ ದಿವಾಳಿ ಅರ್ಜಿ ಹಾಕಿತು, ಮರುವರ್ಷ 200 ಕೋಟಿ ಡಾಲರಿಗೆ ಮಾರಿ ಕೈ ತೊಳೆದುಕೊಂಡ. ಕೊಂಡವರು 2020, 2024, 2025ರಲ್ಲಿ ಗೆದ್ದರು.

ಇದನ್ನೆಲ್ಲ ಟೈಪ್ ಮಾಡಿ ಮೊದಲು ಆ ಟೀ ಲೋಟದ ಗೆಳೆಯನಿಗೇ ಕಳಿಸಿದೆ. ರಾತ್ರಿ ಉತ್ತರ ಬಂತು: "ಎಲ್ಲಾ ಸರಿ ಮಾರಾಯಾ, 1955 ಅವನದೇ ತಾನೇ?"

ಏನು ಬರೆಯಲಿ ಅಂತ ಇನ್ನೂ ಯೋಚಿಸ್ತಾ ಇದೀನಿ.